ಒಡಕು ಗಂಟಲಿನ ರಾಣಿ

22 ಜನವರಿ 1979, ಸೋಮವಾರ

ಹನ್ನೊಂದು ದಿನದ ಮೇಲೆ ಮೈಸೂರಿನ ಆಸ್ಪತ್ರೆಯಿಂದ ಇವತ್ತು ಮದ್ದೂರಿಗೆ ಬಂದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವ ಕಂಡಕ್ಟರನ ಹತ್ತಿರ, ಪಕ್ಕದ ಸೀಟಿನವರ ಹತ್ತಿರ, ಮಂಡ್ಯದಲ್ಲಿ ಹತ್ತಿದವರ ಹತ್ತಿರ ಹೇಳಿದ್ದನ್ನೇ ಹೇಳಿದಳು. ನನ್ನ ಮಗಳಿಗೆ ಗಂಟಲು ಆಪರೇಷನ್ ಆಗಿದೆ, ಯಾರೂ ಮಾತಾಡಿಸಬೇಡಿ ಅಂತ. ಒಬ್ಬರು ನನ್ನ ಗುರುತು ಹಿಡಿದು, ಓ ಇವರು ಹೂವಿನ ಮರಿತಾಯಮ್ಮನ ಮಗಳು, ನಾಟಕದ ಚಲುವಮ್ಮ ಅಲ್ಲವಾ, ಕಳೆದ ವರ್ಷ ನಮ್ಮೂರಲ್ಲಿ ರಾಣಿ ಪಾರ್ಟು ಮಾಡಿದ್ದರು ಎಂದರು. ನಗುವುದಕ್ಕೂ ಹೆದರಿಕೆಯಾಗಿ ತಲೆ ಆಡಿಸಿದೆ.

ಆರು ವಾರ ಬಾಯಿ ಬಿಡಬಾರದು ಎಂದಿದ್ದಾರೆ ಡಾಕ್ಟರು. ಪಿಸುಮಾತೂ ಕೂಡದಂತೆ. ಕತ್ತಿನ ಗಡ್ಡೆ ನಿಂಬೆಹಣ್ಣಿನಷ್ಟಿತ್ತಂತೆ, ದನಿಯ ನರವನ್ನು ಸುತ್ತಿಕೊಂಡಿತ್ತಂತೆ, ಬಿಡಿಸಿ ತೆಗೆಯುವುದು ಬಹಳ ಕಷ್ಟವಾಯಿತಂತೆ. ಸ್ಲೇಟಿನ ಮೇಲೆ ‘ಹಾಡು?’ ಎಂದು ಬರೆದು ತೋರಿಸಿದೆ. ಆರು ವಾರ ಆಗಲಿ ನೋಡೋಣ ಎಂದರು.

ಪಾರ್ಟು ಬರೆದುಕೊಳ್ಳುವ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಹಾಳೆ ಖಾಲಿ ಉಳಿದಿದೆ. ಮಾತಾಡದೆ ಇದ್ದರೆ ಹುಚ್ಚು ಹಿಡಿಯುತ್ತದೆ ಎಂದು ಇದರಲ್ಲಿ ಬರೆಯುತ್ತಿದ್ದೇನೆ. ಹದಿನೈದು ವರ್ಷದಿಂದ ಬರೀ ರಾಣಿಯರ ಮಾತನ್ನು ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ. ನನ್ನದು ಅಂತ ಬರೆಯಲು ಏನೂ ತೋಚುವುದಿಲ್ಲ.

4 ಫೆಬ್ರವರಿ, ಭಾನುವಾರ

ಮಾತಾಡದವಳಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡಿದ್ದಾರೆ ಜನ. ಪಕ್ಕದ ಮನೆಯ ಮುದ್ದಮ್ಮ ಅನ್ನ ಉಂಡೆಯಾ ಎಂದು ಕೇಳಬೇಕಾದರೂ ಕಿರುಚುತ್ತಾಳೆ.

ಅನಂತರಾಮು ಮೇಷ್ಟ್ರು ಕಿತ್ತಳೆಹಣ್ಣು ತೆಗೆದುಕೊಂಡು ನೋಡಲು ಬಂದಿದ್ದರು. ಹಳ್ಳಿಯವರು ನಾಟಕ ಆಡುವಾಗ ಹಾರ್ಮೋನಿಯಂ ನುಡಿಸಿ ಗಂಡಸರಿಗೆಲ್ಲ ಪಾರ್ಟು ಕಲಿಸುವವರು ಅವರೇ, ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಗೊತ್ತು ಮಾಡುವವರೂ ಅವರೇ. ಮಾರ್ಚಿ 24ಕ್ಕೆ ಮಳವಳ್ಳಿಯಲ್ಲಿ ನಾಟಕ, ರಾಣಿ ನೀವೇ, ಬೇರೆ ಯೋಚನೆಯೇ ಇಲ್ಲ ಎಂದರು. ಅವರು ಹೋದ ಮೇಲೆ ಮನಸ್ಸಿನಲ್ಲೇ ಮೂರು ಕಂದಪದ್ಯ ಹಾಡಿಕೊಂಡೆ. ಒಂದು ಸ್ವರವೂ ತಪ್ಪಲಿಲ್ಲ.

10 ಫೆಬ್ರವರಿ, ಶನಿವಾರ

ಇಂಥ ಶಬ್ದವನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

ರೇಡಿಯೋ ಕೆಟ್ಟು ನಾಲ್ಕು ದಿನವಾಗಿತ್ತು. ಟವಲಿನಲ್ಲಿ ಸುತ್ತಿಕೊಂಡು ಸಿದ್ದರಾಮುವಿನ ರಿಪೇರಿ ಅಂಗಡಿಗೆ ಹೋದೆ. ಪೂರಿಗಾಲಿಯವನು, ಮೂವತ್ತರ ಒಳಗಿನ ವಯಸ್ಸು, ನಮ್ಮ ನಾಟಕಗಳಿಗೆ ಮೈಕ್‌ಸೆಟ್ ಹಾಕುತ್ತಾನೆ. ಅಂಗಡಿ ಇನ್ನೂ ಹತ್ತು ಮಾರು ದೂರವಿರುವಾಗಲೇ ಒಳಗಿನಿಂದ ಒಂದು ಸದ್ದು ಬಂತು. ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತಿದೆ ಎಂದುಕೊಂಡೆ. ಕೂಗೋಣವೆಂದರೆ ಕೂಗುವ ಹಾಗಿಲ್ಲ. ಓಡಿಹೋಗಿ ನೋಡಿದರೆ ಅವನು ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತ ಕೂತಿದ್ದಾನೆ. ಸದ್ದು ಬರುತ್ತಿದ್ದದ್ದು ಟೇಪ್‌ರೆಕಾರ್ಡರಿನಿಂದ.

ವಾರಕ್ಕೊಂದು ಸಂಜೆ ಲಂಡನ್ ಸ್ಟೇಷನ್ನಿನವರು ಅಲ್ಲಿಯ ಹೊಸ ಹೊಸ ಗುಂಪುಗಳ ಹಾಡು ಹಾಕುತ್ತಾರಂತೆ. ಇವನು ಶಾರ್ಟ್‌ವೇವಿನಲ್ಲಿ ಹಿಡಿದು ಟೇಪು ಮಾಡಿಕೊಂಡಿದ್ದಾನೆ. ಅರ್ಧಕ್ಕರ್ಧ ಗೊರಗೊರ. ಮೊದಲನೆಯದರಲ್ಲಿ ಇಬ್ಬರೇ ಗಂಡಸರು. ಒಬ್ಬನ ಯಂತ್ರ ರೈಸ್‌ಮಿಲ್ಲಿನ ಬೆಲ್ಟಿನ ಹಾಗೆ ಹೊಡೆದುಕೊಳ್ಳುತ್ತದೆ, ಇನ್ನೊಬ್ಬ ಅದರ ಮೇಲೆ ಬೈಯುತ್ತಾನೆ. ತಬಲಾ ಇಲ್ಲ, ಪಿಟೀಲಿಲ್ಲ. ಎರಡನೆಯದರಲ್ಲಿ ಒಬ್ಬಳು ಹೆಂಗಸು. ಶ್ರುತಿ ಇಲ್ಲ, ತಾಳ ಇಲ್ಲ, ಕೊರಳು ಹರಿಯುವ ಹಾಗೆ ಕಿರುಚುತ್ತಾಳೆ.

ಇದು ಹಾಡೇ ಎಂದು ಸ್ಲೇಟಿನಲ್ಲಿ ಬರೆದೆ.

“ಹಾಡೇ ಅಕ್ಕ. ಪಂಕ್ ಅಂತಾರಂತೆ. ಇವ್ರ್ಯಾರೂ ಸಂಗೀತ ಕಲ್ತೋರಲ್ಲ. ಕಾರ್ಖಾನೆ ಊರೋರು, ಕೆಲ್ಸ ಇಲ್ದೋರು. ಮೂರ್ ದಿನ ಬಾರ್ಸೋದ್ ಕಲ್ತು ಸ್ಟೇಜ್ ಹತ್ತವ್ರೆ. ಸೆಡ್ಡಲ್ಲಿ ಕುಂತ್ಕಂಡು ರೆಕಾರ್ಡೂ ತಾವೇ ಮಾಡ್ಕತಾರಂತೆ.”

ಪಂಕ ಅಂದರೆ ಕೆಸರು. ಪದ್ಯಗಳಲ್ಲಿ ಎಷ್ಟು ಸಲ ಹಾಡಿದ್ದೇನೆ. ಹೆಸರು ಸರಿಯಾಗಿಯೇ ಇಟ್ಟುಕೊಂಡಿದ್ದಾರೆ. ನನ್ನ ಹೊಟ್ಟೆ ಉರಿದದ್ದು ಏಕೆಂದರೆ, ಆ ಹೆಂಗಸಿಗೆ ದೇವರು ನೆಟ್ಟಗಿರುವ ಗಂಟಲು ಕೊಟ್ಟಿದ್ದಾನೆ, ಅವಳು ಅದನ್ನು ಹೀಗೆ ಮಾಡಿಕೊಂಡಿದ್ದಾಳೆ. ನಾನು ಇಲ್ಲಿ ಕೆಮ್ಮುವುದಕ್ಕೂ ಹೆದರಿಕೊಂಡು ಜೇನುತುಪ್ಪ ನೆಕ್ಕುತ್ತಿದ್ದೇನೆ.

5 ಮಾರ್ಚಿ, ಸೋಮವಾರ

ಆರು ವಾರ ಮುಗಿಯಿತು. ತಲೆಗೆ ಸ್ನಾನ ಮಾಡಿ ದೇವರ ಮುಂದೆ ಕೂತೆ. ಮೊದಲ ಮಾತು ಅವ್ವ ಎಂದೇ ಆಗಲಿ ಎಂದುಕೊಂಡು ಬಾಯಿ ತೆರೆದೆ.

ಬಂದದ್ದು ನನ್ನ ದನಿಯಲ್ಲ. ತಗಡನ್ನು ಕಲ್ಲಿನ ಮೇಲೆ ಎಳೆದ ಹಾಗಿತ್ತು. ಒಂದೇ ಸಲಕ್ಕೆ ಎರಡು ಸದ್ದು, ಒಂದು ಗಂಡಸಿನದು, ಇನ್ನೊಂದು ಯಾರದೆಂದು ನನಗೆ ಗೊತ್ತಿಲ್ಲ.

ಅವ್ವ ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

8 ಮಾರ್ಚಿ, ಗುರುವಾರ

ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದೆ. ಡಾಕ್ಟರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು. ದನಿ ಹೊರಡಿಸುವ ಎರಡು ಪದರಗಳಲ್ಲಿ ಒಂದು ಅಲ್ಲಾಡುತ್ತಿಲ್ಲವಂತೆ. ಸರಿ ಹೋಗಬಹುದು, ಹೋಗದೆಯೂ ಇರಬಹುದು. ಹಾಡುವುದನ್ನು ಮಾತ್ರ ಮರೆತುಬಿಡಿ ಎಂದರು. ಎರಡು ತಿಂಗಳು ಬಿಟ್ಟು ಬರಬೇಕಂತೆ.

ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಬಸ್ಸು ಮಂಡ್ಯ ದಾಟಿದ್ದು ನನಗೆ ತಿಳಿಯಲೇ ಇಲ್ಲ.

13 ಮಾರ್ಚಿ, ಮಂಗಳವಾರ

ಮೇಷ್ಟ್ರು ಬಂದರು. ಬನ್ನಿ ಕೂತುಕೊಳ್ಳಿ ಎಂದೆ. ಆ ಎರಡು ಮಾತು ಕೇಳಿ ಗೋಡೆಯ ಕಡೆ ತಿರುಗಿದವರು ಹೋಗುವ ತನಕ ಗೋಡೆಯನ್ನೇ ನೋಡುತ್ತ ಮಾತಾಡಿದರು. ಮರ್ಯಾದೆಯಿಂದಲೇ ಮಾತಾಡಿದರು. ಚನ್ನಪಟ್ಟಣದಿಂದ ಬೇರೊಬ್ಬಳನ್ನು ಗೊತ್ತು ಮಾಡಿದ್ದಾರಂತೆ. ನಾನು ಅವಳಿಗೆ ನಡಿಗೆ, ಕೂರುವುದು, ಏಳುವುದನ್ನೆಲ್ಲ ತೋರಿಸಿಕೊಡಬೇಕಂತೆ.

“ನಿಮಗೂ ಒಂದು ಪಾತ್ರ ಇಟ್ಟಿದೀನಿ ಚಲುವಮ್ಮ. ರಾಣಿ ಹಿಂದೆ ಚಾಮರ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು. ಮಾತಿಲ್ಲ, ಹಾಡಿಲ್ಲ, ಏನೂ ತೊಂದರೆಯಿಲ್ಲ ನಿಮಗೆ.”

ಆಗಲಿ ಎಂದು ತಲೆ ಆಡಿಸಿದೆ. ಏಕೆ ಒಪ್ಪಿಕೊಂಡೆನೋ.

25 ಮಾರ್ಚಿ, ಭಾನುವಾರ

ಮಳವಳ್ಳಿಯ ನಾಟಕ ಮುಗಿಸಿಕೊಂಡು ಬೆಳಿಗ್ಗೆ ಮನೆಗೆ ಬಂದೆ. ಹೊಸಬಳು ಚೆನ್ನಾಗಿಯೇ ಹಾಡಿದಳು. ನಾನು ಹೇಳಿಕೊಟ್ಟಂತೆ ನಡೆದಳು, ನಾನು ಎಲ್ಲಿ ನಿಲ್ಲುತ್ತಿದ್ದೆನೋ ಅಲ್ಲಿ ನಿಂತಳು. ನಾನು ಅವಳ ಹಿಂದೆ ಚಾಮರ ಬೀಸುತ್ತ ನಿಂತಿದ್ದೆ. ಮೊದಲ ಪದ್ಯ ಮುಗಿದು ಒನ್ಸ್‌ಮೋರ್ ಕೂಗು ಬಂದಾಗ ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಎಲ್ಲರೂ ನೋಡಿದರು. ಆಗ ಮುಂದಿನ ಸಾಲಿನಿಂದ ಯಾರೋ ಕೇಳಿದರು, “ಲೇ, ರಾಣಿ ಯಾಕ್ಲಾ ಹಿಂದೆ ನಿಂತವ್ಳೆ?” ಜನ ನಕ್ಕರು.

ಮೈಕಿನ ಹತ್ತಿರ ನಿಂತಿದ್ದ ಸಿದ್ದರಾಮು ಮಾತ್ರ ನಗಲಿಲ್ಲ. ಅವನು ನೋಡಿದ್ದು ನನಗೆ ನಗುವಿಗಿಂತ ಹೆಚ್ಚು ನಾಚಿಕೆ ತಂದಿತು.

2 ಏಪ್ರಿಲ್, ಸೋಮವಾರ

ಇವತ್ತು ನಾನು ಒಬ್ಬ ಮನುಷ್ಯನ ಕೆನ್ನೆಗೆ ಹೊಡೆದೆ. ಕೈ ಇನ್ನೂ ಬಿಸಿಯಾಗಿದೆ.

ರೇಡಿಯೋ ತರಲು ಹೋಗಿದ್ದೆ. ಸಿದ್ದರಾಮು ಒಂದು ಪೆಟ್ಟಿಗೆ ಮಾಡಿಟ್ಟುಕೊಂಡಿದ್ದಾನೆ. ಹಳೆಯ ರೇಡಿಯೋದ ಮರದ ಕವಚದೊಳಗೆ ಟ್ರಾನ್ಸಿಸ್ಟರುಗಳು, ತಂತಿಗಳು, ಮುಂದೆ ನಾಲ್ಕು ತಿರುಪು, ಕೆಳಗೆ ಸಾಲಾಗಿ ಆರು ಕಾಲಿಂಗ್‌ಬೆಲ್ ಸ್ವಿಚ್ಚು. ಒಂದೊಂದು ಸ್ವಿಚ್ಚು ಒತ್ತಿದರೂ ಒಂದೊಂದು ಶಬ್ದ. ಒಂದು ಕಣಜದ ಹಾಗೆ, ಒಂದು ಗರಗಸದ ಹಾಗೆ, ಒಂದು ಬರೀ ಟಕ್ ಟಕ್ ಎಂದು ಬಡಿಯುತ್ತದೆ. ಲಂಡನ್ನಿನವರ ಯಂತ್ರದ ಸದ್ದನ್ನು ಕೇಳಿ ಕೇಳಿ ತಾನೇ ಮಾಡಿದ್ದಂತೆ. ಒಂದು ವರ್ಷ ಹಿಡಿಯಿತಂತೆ.

ನನ್ನ ಮುಂದೆ ಮೈಕು ಹಿಡಿದು, “ಅಕ್ಕ, ಇದ್ರೊಳಕ್ಕೆ ಒಂದ್ ಮಾತು ಆಡಿ. ಈ ಪೆಟ್ಗೆ ಜೊತೆ ಸರಿಸಮ ನಿಲ್ಲೋ ದನಿ ಈ ತಾಲೂಕಲ್ಲಿ ನಿಮ್ದೊಂದೇ” ಎಂದ.

ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಹೊಡೆದುಬಿಟ್ಟೆ. ರೇಡಿಯೋ ಅಲ್ಲಿಯೇ ಬಿಟ್ಟು ಬಂದೆ.

3 ಏಪ್ರಿಲ್, ಮಂಗಳವಾರ

ತಪ್ಪಾಯಿತು ಎಂದು ಹೇಳಿ ರೇಡಿಯೋ ತರೋಣವೆಂದು ಮಧ್ಯಾಹ್ನ ಹೋದೆ. ಅವನೇನೂ ಮುನಿಸಿಕೊಂಡಿರಲಿಲ್ಲ. ಸ್ಟೂಲು ಕೊಟ್ಟು ಕೂರಿಸಿ ತನ್ನ ಕೆಲಸ ಮಾಡುತ್ತ ಮಾತಾಡಿದ.

ಹತ್ತು ವರ್ಷದಿಂದ ಸುತ್ತಮುತ್ತಲ ಊರುಗಳ ನಾಟಕಕ್ಕೆಲ್ಲ ವೈರ್ ಎಳೆದಿದ್ದಾನಂತೆ. ಒಮ್ಮೆಯೂ ಪರದೆಯ ಮುಂದಕ್ಕೆ ಬಂದಿಲ್ಲವಂತೆ. ಒಂದು ಸಲ ದ್ವಾರಪಾಲಕನ ಪಾರ್ಟಾದರೂ ಕೊಡಿ ಎಂದು ಅನಂತರಾಮು ಮೇಷ್ಟ್ರನ್ನು ಕೇಳಿದ್ದನಂತೆ. ಊರಿನವರು ಒಪ್ಪುವುದಿಲ್ಲ ಕಣಪ್ಪ, ನಿಮ್ಮ ಬೀದಿಯವರನ್ನು ಅವರ ಜೊತೆ ನಿಲ್ಲಿಸಿದರೆ ನಾಟಕವೇ ನಿಂತುಹೋಗುತ್ತದೆ ಎಂದರಂತೆ ಅವರು.

ಹದಿನೈದು ವರ್ಷದಲ್ಲಿ ನೂರಾರು ನಾಟಕ ಆಡಿದ್ದೇನೆ. ಅವನ ಬೀದಿಯವರು ಒಬ್ಬರೂ ಬಣ್ಣ ಹಚ್ಚಿದ್ದನ್ನು ನಾನು ನೋಡಿಲ್ಲ. ನೋಡಿಲ್ಲ ಎಂಬುದು ಇವತ್ತಿನವರೆಗೂ ನನ್ನ ಗಮನಕ್ಕೇ ಬಂದಿರಲಿಲ್ಲ.

ಅವನು ಗರಗಸದ ಸ್ವಿಚ್ಚು ಒತ್ತಿ ಸುಮ್ಮನೆ ಮೈಕು ನನ್ನ ಕಡೆ ತಿರುಗಿಸಿದ. ಏನು ಹೇಳಲೂ ತೋಚದೆ, ಮಾತಾಡಬೇಡ ಅಂದರು, ಆಡಲಿಲ್ಲ ಎಂದೆ. ಹಿಂದಿನ ಮೂಲೆಯ ಸ್ಪೀಕರಿನಿಂದ ಅದು ಹೊರಗೆ ಬಂದಾಗ ಬೆಚ್ಚಿ ಎದ್ದು ನಿಂತೆ. ಅಷ್ಟು ದೊಡ್ಡದು. ಆ ಗರಗಸದ ಸದ್ದಿನ ಪಕ್ಕದಲ್ಲಿ ಅದು ಕೆಟ್ಟ ದನಿಯ ಹಾಗೆ ಕೇಳಲಿಲ್ಲ. ಹೇಗೆ ಕೇಳಿತು ಎಂದು ಬರೆಯಲು ನನಗೆ ಬರುವುದಿಲ್ಲ.

ಇವತ್ತೂ ರೇಡಿಯೋ ತರುವುದು ಮರೆತೆ.

8 ಏಪ್ರಿಲ್, ಭಾನುವಾರ

ಐದು ದಿನದಿಂದ ಮಧ್ಯಾಹ್ನ ಅಂಗಡಿಗೆ ಹೋಗುತ್ತಿದ್ದೇನೆ. ಶನಿವಾರ ಪೂರಿಗಾಲಿಯ ಅವನ ಬೀದಿಯಲ್ಲಿ ಬಾಬಾಸಾಹೇಬರ ಜಯಂತಿ. ಅಲ್ಲಿ ಪೆಟ್ಟಿಗೆ ನುಡಿಸುತ್ತಾನಂತೆ. ನಾನೂ ಬರಬೇಕಂತೆ. ಆಗುವುದಿಲ್ಲ ಎಂದಿದ್ದೇನೆ. ಆದರೆ ಅವನು ಸ್ವಿಚ್ಚು ಒತ್ತುವುದಕ್ಕೆ ಒಂದು ಲೆಕ್ಕ ಬೇಡವಾ? ಎಂಟು ಬಡಿತಕ್ಕೊಂದು ಸಲ ಉಸಿರು ತೆಗೆದುಕೊಳ್ಳಲು ಜಾಗ ಬಿಡು ಎಂದು ಹೇಳಿ ಹೇಳಿ ಸಾಕಾಯಿತು. ಲಂಡನ್ನಿನವರು ಬಿಡಲ್ಲ ಅಕ್ಕ ಎನ್ನುತ್ತಾನೆ. ಲಂಡನ್ನಿನವರಿಗೆ ಎರಡು ಪದರವೂ ಅಲ್ಲಾಡುತ್ತವೆ ಎಂದೆ.

ಸಂಜೆ ಮೇಷ್ಟ್ರು ದಾರಿಯಲ್ಲಿ ಸಿಕ್ಕಿದರು. ಸುದ್ದಿ ಅವರಿಗೆ ಆಗಲೇ ಮುಟ್ಟಿದೆ.

“ನೋಡಿ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಆ ಬೀದಿಗೆ ಹೋಗಿ ನೀವು ಕೂಗಾಡಿದರೆ ಆಮೇಲೆ ಯಾವ ಊರಿನವರೂ ನಿಮ್ಮನ್ನ ಕರೆಯೋದಿಲ್ಲ. ಚಾಮರಕ್ಕೂ ಕರೆಯೋದಿಲ್ಲ.”

ಅವರು ಹೇಳುವುದೇ ಸರಿ. ಹೊಟ್ಟೆಪಾಡು ನೋಡಬೇಕು. ನಾಳೆ ಸಿದ್ದರಾಮುವಿಗೆ ಖಂಡಿತವಾಗಿ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ.

12 ಏಪ್ರಿಲ್, ಗುರುವಾರ

ಇನ್ನೂ ಹೇಳಿಲ್ಲ. ಹಾಡಿನ ಮೂರನೆಯ ಸಾಲು ಸರಿಹೋಗುತ್ತಿಲ್ಲ.

15 ಏಪ್ರಿಲ್, ಭಾನುವಾರ

ಮೈಕೈ ನೋಯುತ್ತಿದೆ, ಆದರೂ ಬರೆಯದೆ ಇರಲಾರೆ.

ನಿನ್ನೆ ಮಧ್ಯಾಹ್ನ ಮಳವಳ್ಳಿಯಿಂದ ಬಸ್ಸು ಹಿಡಿದು ಪೂರಿಗಾಲಿಗೆ ಹೋದೆವು. ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಆ ಊರಿನಲ್ಲಿ ಮೂರು ಸಲ ನಾಟಕ ಆಡಿದ್ದೇನೆ, ಅವರ ಬೀದಿಗೆ ಕಾಲಿಟ್ಟದ್ದು ಮಾತ್ರ ಇದೇ ಮೊದಲು. ಮನೆಮನೆಯಲ್ಲೂ ಬುದ್ಧನ ಪಟ ಇತ್ತು. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡೆ. ಉಣ್ಣುತ್ತಿದ್ದಾಗ ಎಷ್ಟೋ ಹೆಂಗಸರು ನನ್ನ ಎಲೆಯನ್ನೇ ನೋಡುತ್ತಿದ್ದರು, ಉಣ್ಣುತ್ತಾಳೋ ಇಲ್ಲವೋ ಎಂದು. ಸಾರು ಖಾರವಿತ್ತು, ಎರಡನೆಯ ಸಲ ಹಾಕಿಸಿಕೊಂಡೆ.

ಸಿದ್ದರಾಮುವಿನ ಅಪ್ಪ ಅಂಕಯ್ಯ ಜಗಲಿಯ ಮೇಲಿದ್ದ. ಊರಿನವರ ಸಾವಿಗೆಲ್ಲ ತಮಟೆ ಬಡಿಯುತ್ತಿದ್ದವನು, ಇನ್ನು ಬಡಿಯುವುದಿಲ್ಲ ಎಂದು ಆರು ವರ್ಷದ ಕೆಳಗೆ ಬಿಟ್ಟನಂತೆ. ಮಗ ಪೆಟ್ಟಿಗೆ ಬಿಚ್ಚುವುದನ್ನು ನೋಡಿ, “ತಮಟೆ ಸದ್ದೇ ಬ್ಯಾಡ ಅಂತ ಬುಟ್ರೆ ಇವ್ನು ಇದ ತಂದವ್ನೆ” ಎಂದು ಮುಖ ತಿರುಗಿಸಿಕೊಂಡ.

ಬಿಸಿಲು ಇಳಿದ ಮೇಲೆ ಭಾಷಣಗಳಾದವು. ಆಮೇಲೆ ನಮ್ಮನ್ನು ಕರೆದರು. ಎರಡು ಬೆಂಚು ಜೋಡಿಸಿದ ಸ್ಟೇಜು. ಪರದೆಯಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ನನ್ನ ಮಾಮೂಲು ಹಸಿರು ಸೀರೆ. ಸಿದ್ದರಾಮು ಮೂರು ಸ್ವಿಚ್ಚನ್ನು ಒಟ್ಟಿಗೆ ಒತ್ತಿದ. ನಾಯಿಗಳು ಬೊಗಳಿದವು, ಮಕ್ಕಳು ಕಿವಿ ಮುಚ್ಚಿಕೊಂಡರು. ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ, ಬಾಯಿ ತೆರೆದೆ.

ಮಾತಾಡ್ಬ್ಯಾಡ ಅಂದ್ರು, ಆಡ್ನಿಲ್ಲ.
ಹಿಂದೆ ನಿಂತ್ಕೊ ಅಂದ್ರು, ನಿಂತ್ಕಂಡೆ.
ಗಂಟ್ಲು ಹರ್ದೋಗದೆ, ಹರ್ದೇ ಹೋಗ್ಲಿ,
ಹರ್ದಿರೋ ಗಂಟ್ಲಲ್ಲೇ ಕೇಳು.

ಎರಡನೆಯ ಸಲ ಹೇಳುವಾಗ ನನ್ನ ದನಿ ಎರಡಾಗಿ ಸೀಳಿಕೊಂಡು ಒಂದು ಮೇಲಕ್ಕೂ ಒಂದು ಕೆಳಕ್ಕೂ ಹೋಯಿತು. ಇದ್ದಕ್ಕಿದ್ದಂತೆ ಒಬ್ಬಳು ಮುದುಕಿ, ಪಟ್ಟಲಮ್ಮ ಅಂತೆ ಅವಳ ಹೆಸರು, ಅರಿಶಿನದ ನೀರಿನ ಚೊಂಬು ಹಿಡಿದು ಓಡಿಬಂದು ಬೆಂಚಿನ ಬುಡದಲ್ಲಿ ಅಡ್ಡಬಿದ್ದಳು. ಏನು ತಪ್ಪಾಯಿತು ತಾಯಿ, ಯಾಕೆ ಹೀಗೆ ಬಂದೆ, ಮೈಮೇಲೆ ಬಂದು ಯಾಕೆ ಕೂಗುತ್ತೀಯೆ ಎಂದು ಗೋಳಿಟ್ಟಳು. ನನ್ನ ಕಾಲಿಗೆ ನೀರು ಸುರಿದಳು.

ಜಯಂತಿ ನಡೆಸುತ್ತಿದ್ದ ಪುಟ್ಟಸ್ವಾಮಿ ಎನ್ನುವವನು ಕೋಪದಿಂದ ಎದ್ದು ಬಂದ. ಅವಳ ರಟ್ಟೆ ಹಿಡಿದು, “ದೇವ್ರು ದಿಂಡ್ರು ಬುಟ್ಟು ಏಳ್ ವರ್ಸ ಆಯ್ತು ಕಣಜ್ಜಿ, ಇವತ್ತು ಮಾನ ಕಳೀಬ್ಯಾಡ” ಎಂದು ಎಳೆದ. ಮುದುಕಿ ನನ್ನ ಸೀರೆಯ ಅಂಚು ಹಿಡಿದುಕೊಂಡಳು. ಪೆಟ್ಟಿಗೆ ಹೊಡೆದುಕೊಳ್ಳುತ್ತಲೇ ಇತ್ತು. ಸಿದ್ದರಾಮು ಸ್ವಿಚ್ಚಿನಿಂದ ಬೆರಳು ತೆಗೆಯುವುದನ್ನೇ ಮರೆತಿದ್ದ. ನಾನು ಮೈಕು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿದೆ.

“ದೇವ್ರಲ್ಲ ಕಣಜ್ಜಿ. ಗಂಟ್ಲು ಕೆಟ್ಟೋಗದೆ.”

ಅದು ಬೀದಿಗೆಲ್ಲ ಕೇಳಿಸಿತು. ಪಟ್ಟಲಮ್ಮ ತಲೆಯೆತ್ತಿ ನನ್ನ ಕತ್ತಿನ ಗಾಯದ ಗೆರೆ ನೋಡಿದಳು. ಬೆರಳಿನಿಂದ ಮುಟ್ಟಿ, ಕುಯ್ದರಾ ಎಂದಳು. ಹೂಂ ಎಂದೆ. ಅವಳು ಎದ್ದು ಸೀರೆ ಕೊಡವಿಕೊಂಡು ಜನರ ಕಡೆ ತಿರುಗಿದಳು.

“ದೇವ್ರಲ್ವಂತೆ. ಎಂಗ್ಸಂತೆ. ಸುಮ್ಕೆ ಕೇಳ್ರಲಾ.”

ಹೇಳಿ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಳು. ಮೊದಲು ನಕ್ಕವನು ಪುಟ್ಟಸ್ವಾಮಿ. ಆಮೇಲೆ ಎಲ್ಲರೂ ನಕ್ಕರು. ಮಳವಳ್ಳಿಯಲ್ಲಿ ನಕ್ಕ ಹಾಗಲ್ಲ, ನಾನೂ ನಕ್ಕೆ. ನಗುವೂ ಗರಗಸದ ಹಾಗೇ ಬಂತು. ಅದೇ ಹಾಡನ್ನು ಇನ್ನೂ ಮೂರು ಸಲ ಹೇಳಿಸಿದರು. ನಮ್ಮ ಹತ್ತಿರ ಇದ್ದದ್ದು ಅದೊಂದೇ.

ಮೇಲಿನ ಬೀದಿಯ ಕೆಲವು ಗಂಡಸರು ದೂರದಲ್ಲಿ ಹುಣಸೆಮರದ ಕೆಳಗೆ ನಿಂತು ಕೇಳುತ್ತಿದ್ದರು. ಯಾವಾಗ ಹೋದರೋ ನೋಡಲಿಲ್ಲ.

19 ಏಪ್ರಿಲ್, ಗುರುವಾರ

ಮೇಷ್ಟ್ರು ಬಾಗಿಲಲ್ಲಿಯೇ ನಿಂತು ಹೇಳಿಹೋದರು. ಮೂರು ಊರಿನವರು ಚಲುವಮ್ಮನನ್ನು ಇನ್ನು ಕರೆತರಬೇಡಿ ಎಂದಿದ್ದಾರಂತೆ. ಹದಿನೈದು ವರ್ಷದ ಕೆಲಸ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿದುಹೋಯಿತು. ನಾನು ಅವರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಐದನೆಯ ಸ್ವಿಚ್ಚಿನ ಸದ್ದು ನನ್ನ ಕೆಳದನಿಗೆ ಅಡ್ಡ ಬರುತ್ತಿದೆ, ಅದನ್ನು ಹೇಗೆ ತಗ್ಗಿಸುವುದು ಎಂಬುದೇ ಬೆಳಗಿನಿಂದ ತಲೆಯಲ್ಲಿ ಕೊರೆಯುತ್ತಿತ್ತು.

ಮನೆಯ ಮಾಲೀಕರು ಶ್ಯಾಮಣ್ಣನವರೂ ಬಂದಿದ್ದರು. ಮನೆಯಲ್ಲಿ ಹಾಡು ತಿದ್ದಿಕೊಳ್ಳುವಾಗ ನನ್ನ ಕೂಗಿಗೆ ಮಕ್ಕಳು ಬೆಚ್ಚಿಬೀಳುತ್ತವೆ ಎಂದು ಮುದ್ದಮ್ಮ ದೂರು ಹೇಳಿದ್ದಾಳಂತೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಪೂರಿಗಾಲಿಯ ವಿಷಯ ಅವರು ಎತ್ತಲಿಲ್ಲ. ಆದರೆ ಅವ್ವ ಕೊಟ್ಟ ನೀರು ಕುಡಿಯದೆ ಹೋದರು, ಯಾವಾಗಲೂ ಕುಡಿಯುತ್ತಿದ್ದವರು.

ಅವ್ವ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.

29 ಏಪ್ರಿಲ್, ಭಾನುವಾರ

ಮನೆ ಬದಲಾಯಿಸಿದೆವು. ರೈಲ್ವೆ ಲೈನಿನ ಪಕ್ಕದಲ್ಲಿ ಒಂದೇ ಕೋಣೆ, ಹೆಂಚು. ಹುಡುಕಿದ್ದು ಅವ್ವನೇ. ಹತ್ತು ದಿನದ ಮೇಲೆ ಆಡಿದ ಮೊದಲ ಮಾತು ಇದು: “ಗಾಡಿ ಸದ್ದಲ್ಲಿ ನಿನ್ ಸದ್ದು ಯಾರ್ಗ್ ಕೇಳ್ಸದು.”

ಸಿದ್ದರಾಮು ಪೂರಿಗಾಲಿಯಲ್ಲಿ ನಮ್ಮ ಹಾಡನ್ನು ಹಿಡಿದಿಟ್ಟಿದ್ದ ಟೇಪು ತಂದು ಹಾಕಿದ. ಅಲ್ಲಿ ಹಾಡುವಾಗ ಚೆನ್ನಾಗಿದೆ ಎಂದುಕೊಂಡಿದ್ದೆ. ಕೇಳಿದರೆ ಎಲ್ಲ ಕಡೆಯೂ ಅವನ ಪೆಟ್ಟಿಗೆಯೇ ಮೇಲು, ನಾನು ಕೆಳಗೆ. ಮೂರನೆಯ ಸಾಲಿನಲ್ಲಿ ಅವಸರ ಮಾಡಿದ್ದೇನೆ. ಎಲ್ಲಕ್ಕಿಂತ ಚೆನ್ನಾಗಿರುವುದು ಪಟ್ಟಲಮ್ಮನ ದನಿ. ಲಂಡನ್ನಿನ ಹೆಂಗಸಿನದನ್ನೂ ಮತ್ತೆ ಹಾಕಿಸಿಕೊಂಡು ಕೇಳಿದೆ. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಈಗ ಗೊತ್ತಾಯಿತು. ಕಳ್ಳಿ, ಸಾಲಿನ ನಡುವೆ ತೆಗೆದುಕೊಳ್ಳುತ್ತಾಳೆ.

ನಿಡಘಟ್ಟದಿಂದ ಇಬ್ಬರು ಬಂದು ಮುಂದಿನ ತಿಂಗಳು 12ಕ್ಕೆ ಬನ್ನಿ ಎಂದು ಹೇಳಿಹೋದರು. ಇಟ್ಟಿಗೆಗೂಡಿನಲ್ಲಿ ಕೆಲಸ ಮಾಡುವವರು. ನಾಟಕ ಬೇಡ, ಆ ದೇವ್ರಲ್ಲದ್ದು ಬೇಕು ಎಂದರು. ಹಾಡಿಗೆ ಅದೇ ಹೆಸರಾಗಿದೆ.

9 ಮೇ, ಬುಧವಾರ

ಮೈಸೂರು. ಕನ್ನಡಿ ಇಳಿಸಿ ನೋಡಿ, ಪದರ ಹಾಗೆಯೇ ಇದೆ ಎಂದರು ಡಾಕ್ಟರು. ಆಮೇಲೆ ನಗುತ್ತ ಒಂದು ಸಂತೋಷದ ಸುದ್ದಿ ಇದೆ ಎಂದರು. ಮದರಾಸಿನಲ್ಲಿ ಒಬ್ಬರು ಆ ಸತ್ತ ಪದರಕ್ಕೆ ಸೂಜಿಯಲ್ಲಿ ಏನನ್ನೋ ತುಂಬಿ ಉಬ್ಬಿಸುತ್ತಾರಂತೆ. ಧರ್ಮಾಸ್ಪತ್ರೆ, ಖರ್ಚಿಲ್ಲ, ಕಾಗದ ಬರೆದುಕೊಡುತ್ತೇನೆ ಎಂದರು. ಈ ಒಡಕು ಹೋಗುತ್ತದೆ, ಹಾಡಲು ಆಗದಿದ್ದರೂ ಮೊದಲಿನ ದನಿ ಅರ್ಧದಷ್ಟು ಬರುತ್ತದೆ, ನಾಲ್ಕು ಜನರ ಮುಂದೆ ನಾಚಿಕೆಯಿಲ್ಲದೆ ಮಾತಾಡಬಹುದು ಎಂದರು.

“ಹಾಗಾದ್ರೆ ಇದು ಹೋಗಿಬಿಡ್ತದಾ?” ಎಂದೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಏನು ಹೋಗುವುದು ಎಂದು ಕೇಳಿದರು. ನನಗೂ ಗಾಬರಿಯಾಯಿತು. ಎರಡು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ನನ್ನ ದನಿ ವಾಪಸು ಕೊಡಿಸಪ್ಪ, ಏನು ಬೇಕಾದರೂ ತೆಗೆದುಕೋ ಎಂದು ದೇವರನ್ನು ಬೇಡಿಕೊಂಡವಳು ನಾನು. ಯೋಚನೆ ಮಾಡಿ ಹೇಳುತ್ತೇನೆ ಎಂದು ಕಾಗದ ಇಸಿದುಕೊಂಡು ಬಂದೆ.

ಡಾಕ್ಟರು ಏನಂದರು ಎಂದು ಅವ್ವ ಕೇಳಿದಳು. ಏನೂ ಇಲ್ಲವಂತೆ, ಹೀಗೇ ಇರುತ್ತದಂತೆ ಎಂದೆ. ಅವ್ವನಿಗೆ ನಾನು ಸುಳ್ಳು ಹೇಳಿದೆ.

12 ಮೇ, ಶನಿವಾರ

ಮೂರು ದಿನ ಅನ್ನ ಸೇರಲಿಲ್ಲ. ಇವತ್ತು ಬೆಳಿಗ್ಗೆ ಅವ್ವ ಕನಕಾಂಬರ ಕಟ್ಟುತ್ತಿದ್ದಾಗ ಎದುರು ಕೂತು ನಿಜ ಹೇಳಿಬಿಟ್ಟೆ. ಡಾಕ್ಟರ ಕಾಗದವನ್ನೂ ತೋರಿಸಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ನಿಲ್ಲಿಸಿದಳು ಅಷ್ಟೇ.

“ಮೊದ್ಲಿನ್ ದನಿ ಬತ್ತದಾ?”

ಅರ್ಧ ಬಂದೀತಂತೆ ಎಂದೆ.

“ಈ ದನಿ ಓಯ್ತದಾ?”

ಹೂಂ ಎಂದೆ.

ಬೆಂಗಳೂರಿನ ಗಾಡಿ ಬಂತು. ಅದು ಹೋಗಿ ಪಾತ್ರೆಗಳ ಅದುರಾಟ ನಿಂತಿತು. ಅವ್ವ ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ನಿಡಘಟ್ಟದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ನಾಲ್ಕಕ್ಕೆ ಎಂದೆ.

ಹೂವಿನ ಬುಟ್ಟಿಯನ್ನು ಒಳಗೆತ್ತಿಟ್ಟು ಒದ್ದೆ ಬಟ್ಟೆ ಮುಚ್ಚಿದಳು. ಇವತ್ತು ಹೂವು ಮಾರಲು ಸ್ಟೇಷನ್ನಿಗೆ ಹೋಗುವುದಿಲ್ಲವೇನೋ. ಟ್ರಂಕು ತೆಗೆದು ತನ್ನ ಒಳ್ಳೆಯ ಸೀರೆ ಹುಡುಕುತ್ತಿದ್ದಾಳೆ.